ಫೈಲ್ ಕಳಿಸುವ ಮುನ್ನ ಸರ್ವರ್‌ನ ಗುರುತು ಕೇಳಿ

"ಸಾರ್, ಅವರು ಕೊಟ್ಟ ಪಾಸ್‌ವರ್ಡೇ ತಪ್ಪಿದೆ. ಬೆಳಿಗ್ಗೆಯಿಂದ ಹಾಕುತ್ತಿದ್ದೇನೆ, ಒಳಗೇ ಬಿಡುತ್ತಿಲ್ಲ."

ಚಿಕ್ಕಮಗಳೂರಿನಿಂದ ಆಲ್ದೂರಿನ ಕಡೆಗಿರುವ ಕಾಫಿ ಎಸ್ಟೇಟ್ ಒಂದರ ರೈಟರ್, ಕೊಯ್ಲಿನ ಗಡಿಬಿಡಿಯ ನಡುವೆ ಫೋನ್ ಮಾಡಿದ್ದರು. ಎಸ್ಟೇಟಿನಲ್ಲಿ ರೈಟರ್ ಎಂದರೆ ಕತೆ ಬರೆಯುವವರಲ್ಲ. ಆಳುಗಳ ಹಾಜರಿ, ಹಣ್ಣಿನ ತೂಕ, ಮಳೆಯ ಲೆಕ್ಕ ಬರೆದಿಡುವವರು. ಅವರ ಕಾಫಿ ಕೊಳ್ಳುವ ಕಂಪನಿ ಈ ಸಲದಿಂದ ಇ-ಮೇಲ್ ಬೇಡ ಎಂದಿತ್ತು. ಲಾಟ್‌ಗಳ ತೇವಾಂಶದ ಪಟ್ಟಿ, ಔಟ್‌ಟರ್ನ್ (ಸಂಸ್ಕರಿಸಿದಾಗ ಸಿಗುವ ಬೀಜದ ಪ್ರಮಾಣ) ವಿವರ, ಕಣದ ಫೋಟೋ, ತೋಟದ ಗಡಿಯ ಅಕ್ಷಾಂಶ ರೇಖಾಂಶ, ಎಲ್ಲವನ್ನೂ ನೇರವಾಗಿ ತನ್ನ ಸರ್ವರ್‌ಗೆ ಹಾಕಬೇಕೆಂದು ಕೇಳಿತ್ತು. ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಅರಣ್ಯನಾಶ ತಡೆಯ ಕಾನೂನಿನ ಪಟ್ಟಿಯಲ್ಲಿ ಕಾಫಿಯೂ ಸೇರಿರುವುದರಿಂದ, ಬೆಳೆ ಬಂದ ಜಾಗದ ನಿಖರ ಗುರುತಿಗೆ ಈಗ ಬೇಡಿಕೆ ಹೆಚ್ಚು.

ಕಂಪನಿಯವರು ಕಳಿಸಿದ್ದು ಐದು ಸಾಲಿನ ಪತ್ರ. ಪ್ರೋಟೋಕಾಲ್ (ಫೈಲ್ ಸಾಗಿಸಲು ಎರಡು ಕಂಪ್ಯೂಟರುಗಳು ಆಡುವ ಭಾಷೆ) ಎಸ್‌ಎಫ್‌ಟಿಪಿ, ಹೋಸ್ಟ್‌ನ (ಅಂದರೆ ಸರ್ವರ್‌ನ) ಹೆಸರು, ಪೋರ್ಟ್ (ಅದರ ಬಾಗಿಲಿನ) ಸಂಖ್ಯೆ, ಬಳಕೆದಾರರ ಹೆಸರು, ಕೊನೆಗೆ ತಲೆಬುಡವಿಲ್ಲದ ಅಕ್ಷರಗಳ ಒಂದು ಸರಮಾಲೆ. ರೈಟರ್ ಆ ಸರಮಾಲೆಯೇ ಪಾಸ್‌ವರ್ಡ್ ಎಂದು ತಿಳಿದು, ಒಂದೊಂದೇ ಅಕ್ಷರ ನೋಡಿಕೊಂಡು ಟೈಪ್ ಮಾಡುತ್ತಿದ್ದರು. ಅದು ಪಾಸ್‌ವರ್ಡ್ ಅಲ್ಲ. ಅದು ಸರ್ವರ್‌ನ ಹೆಬ್ಬೆಟ್ಟಿನ ಗುರುತು, ಅಂದರೆ ಫಿಂಗರ್‌ಪ್ರಿಂಟ್. ನಮ್ಮನ್ನು ಸರ್ವರ್ ಗುರುತಿಸುವುದಕ್ಕಲ್ಲ, ಸರ್ವರನ್ನು ನಾವು ಗುರುತಿಸುವುದಕ್ಕೆ ಕೊಟ್ಟದ್ದು. ಈ ತಪ್ಪಿಗೆ ನನಗೆ ನಗು ಬರಲಿಲ್ಲ. ಹೆಚ್ಚಿನವರು ಆ ಸಾಲನ್ನು ಓದುವುದೂ ಇಲ್ಲ. ಅದು ತೆರೆಯ ಮೇಲೆ ಬಂದಾಗ ಕಣ್ಣುಮುಚ್ಚಿ ಓಕೆ ಒತ್ತಿ ಮುಂದೆ ಹೋಗುತ್ತಾರೆ. ಇವರಾದರೂ ಓದಿದ್ದರು.

ಮೂರು ಹೆಸರು, ಎರಡು ವಂಶ

ಎಫ್‌ಟಿಪಿ, ಎಫ್‌ಟಿಪಿಎಸ್, ಎಸ್‌ಎಫ್‌ಟಿಪಿ. ಒಂದೇ ಮನೆಯ ಮೂವರಂತೆ ಕೇಳಿಸುತ್ತವೆ, ಆದರೆ ಹಾಗಲ್ಲ.

ಎಫ್‌ಟಿಪಿ ಹಿರಿಯ. ಅದರ ಮೊದಲ ಕರಡನ್ನು 1971ರಲ್ಲಿ ಬರೆದವರು ಅಭಯ್ ಭೂಷಣ್. ಕಾನ್ಪುರದ ಐಐಟಿಯಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋಗಿದ್ದ ನಮ್ಮವರು. ಆಗ ಜಾಲದಲ್ಲಿದ್ದದ್ದು ಒಬ್ಬರನ್ನೊಬ್ಬರು ಬಲ್ಲ ಕೆಲವೇ ಸಂಸ್ಥೆಗಳ ಯಂತ್ರಗಳು. ಹಾಗಾಗಿ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಸಂತೆಯಲ್ಲಿ ಕೂಗಿ ಹೇಳಿದ ಹಾಗೆ ಬಟಾಬಯಲಾಗಿ ಹೋಗುತ್ತದೆ. ದಾರಿಯಲ್ಲಿ ಕಿವಿಗೊಟ್ಟವರಿಗೆಲ್ಲ ಕೇಳಿಸುತ್ತದೆ.

ಅದಕ್ಕೆ ನಂತರ ಟಿಎಲ್‌ಎಸ್ ಎಂಬ ಗೂಢಲಿಪಿಯ ಹೊದಿಕೆ ಹೊದಿಸಿದ್ದು ಎಫ್‌ಟಿಪಿಎಸ್. ಎಸ್‌ಎಫ್‌ಟಿಪಿಯ ವಂಶವೇ ಬೇರೆ. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದು ಕೇಳಿಸಿಕೊಂಡರು. ಅದರಿಂದ ರೋಸಿಹೋದ ಟಾಟು ಯುಲೊನೆನ್ ಎಂಬ ಸಂಶೋಧಕ ದೂರದ ಯಂತ್ರಕ್ಕೆ ಗೂಢಲಿಪಿಯಲ್ಲಿ ಲಾಗಿನ್ ಆಗುವ ಎಸ್‌ಎಸ್‌ಎಚ್ ಬರೆದ. ಎಸ್‌ಎಫ್‌ಟಿಪಿ ಓಡುವುದು ಆ ಎಸ್‌ಎಸ್‌ಎಚ್ ಸುರಂಗದೊಳಗೆ. ಎಫ್‌ಟಿಪಿಗೆ ಪೋರ್ಟ್ 21, ಲಾಗಿನ್ ಆಗುವ ಹಳೆಯ ಬಟಾಬಯಲು ವಿಧಾನ ಟೆಲ್‌ನೆಟ್‌ಗೆ 23. ನಡುವೆ ಖಾಲಿಯಿದ್ದ 22ನ್ನು ಆತ ಕೇಳಿ ಪಡೆದುಕೊಂಡ.

ಇಷ್ಟು ಇತಿಹಾಸ ಹೇಳಿದ್ದಕ್ಕೆ ಕಾರಣವಿದೆ. ಫೈಲ್ ಕಳಿಸುವ ತಂತ್ರಾಂಶ ಫೈಲ್‌ಝಿಲ್ಲಾದ ಸೈಟ್ ಮ್ಯಾನೇಜರ್‌ನಲ್ಲಿ ಹೊಸ ಸೈಟ್ ತೆರೆದ ಕೂಡಲೇ ಪ್ರೋಟೋಕಾಲ್ ಖಾನೆಯಲ್ಲಿ ತಾನಾಗಿ ಕುಳಿತಿರುವುದು ಎಫ್‌ಟಿಪಿ. ಅದನ್ನು ಹಾಗೇ ಬಿಟ್ಟು ಪೋರ್ಟ್ ಮಾತ್ರ 22 ಎಂದು ಬರೆದರೆ, ಕನ್ನಡದವರ ಮನೆಗೆ ಹೋಗಿ ಫಿನ್ನಿಶ್‌ನಲ್ಲಿ ಮಾತಾಡಿದಂತೆ. ಆ ಕಡೆಯಿಂದ ಅರ್ಥವಾಗುವ ಉತ್ತರ ಬರುವುದಿಲ್ಲ. ಮೊದಲು ಪ್ರೋಟೋಕಾಲ್ ಬದಲಿಸಿ, ಆಮೇಲೆ ಉಳಿದದ್ದು. ಅಂಥದೇ ಇನ್ನೊಂದು ತಂತ್ರಾಂಶ ವಿನ್‌ಎಸ್‌ಸಿಪಿಯಲ್ಲಿ ಈ ತೊಂದರೆಯಿಲ್ಲ, ಅಲ್ಲಿ ಮೊದಲ ಆಯ್ಕೆಯೇ ಎಸ್‌ಎಫ್‌ಟಿಪಿ. ಎದುರಿನವರು ಎಫ್‌ಟಿಪಿಎಸ್ ಮಾತ್ರ ಕೊಟ್ಟಿದ್ದರೆ ಎನ್‌ಕ್ರಿಪ್ಷನ್ ಖಾನೆಯಲ್ಲಿ "ಲಭ್ಯವಿದ್ದರೆ ಟಿಎಲ್‌ಎಸ್ ಬಳಸು" ಎಂಬ ಆಯ್ಕೆಗೆ ತೃಪ್ತರಾಗಬೇಡಿ. ಲಭ್ಯವಿಲ್ಲದಿದ್ದರೆ ಏನಾಗುತ್ತದೆ ಎಂಬುದು ಆ ಮಾತಿನಲ್ಲೇ ಇದೆ. "ಟಿಎಲ್‌ಎಸ್ ಕಡ್ಡಾಯ" ಎಂಬುದನ್ನು ಆರಿಸಿ.

ಹೋಸ್ಟ್, ಪೋರ್ಟ್, ಬಳಕೆದಾರರ ಹೆಸರು ತುಂಬುವುದರಲ್ಲಿ ವಿಶೇಷವೇನಿಲ್ಲ. ಎಡವುವುದು ಸಣ್ಣ ಕಲ್ಲಿಗೆ. ವಾಟ್ಸ್‌ಆ್ಯಪ್‌ನಿಂದ ನಕಲು ಮಾಡಿದಾಗ ಹೆಸರಿನ ಕೊನೆಗೊಂದು ಖಾಲಿ ಜಾಗ ಅಂಟಿಕೊಂಡು ಬರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮೊಬೈಲ್ ಕೀಬೋರ್ಡ್ ಮೊದಲ ಅಕ್ಷರವನ್ನು ತಾನೇ ಕ್ಯಾಪಿಟಲ್ ಮಾಡಿರುತ್ತದೆ. ಲಿನಕ್ಸ್ ಸರ್ವರ್‌ಗೆ ಕ್ಯಾಪಿಟಲ್ ಅಕ್ಷರದ ಹೆಸರೂ ಸಣ್ಣ ಅಕ್ಷರದ ಹೆಸರೂ ಇಬ್ಬರು ಬೇರೆ ಬೇರೆ ಮನುಷ್ಯರು. ಪೋರ್ಟ್ 22 ಎಂಬುದು ವಾಡಿಕೆ ಅಷ್ಟೇ, ಕೊಟ್ಟವರು ಬೇರೆ ಸಂಖ್ಯೆ ಹೇಳಿದ್ದರೆ ಅದೇ ಸರಿ.

ಓಕೆ ಒತ್ತುವ ಮೊದಲು

ತೋಟದಿಂದ ಎಂಬತ್ತು ಮೂಟೆ ಪಾರ್ಚ್‌ಮೆಂಟ್ ಕಾಫಿ ಹೊತ್ತ ಲಾರಿ, ಅದನ್ನು ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಹೊರಟಿದೆ ಎನ್ನಿ. ಗೇಟಿನಲ್ಲಿ ಕಾವಲುಗಾರ ಅಡ್ಡ ನಿಂತು, ಯಾವ ತೋಟ, ಚೀಟಿ ಎಲ್ಲಿ ಎಂದು ಕೇಳುತ್ತಾನೆ. ಡ್ರೈವರ್ ಚೀಟಿ ತೋರಿಸುತ್ತಾನೆ. ಸರಿ. ಆದರೆ ಡ್ರೈವರ್ ಕೇಳಬೇಕಾದ ಪ್ರಶ್ನೆಯೂ ಒಂದಿದೆಯಲ್ಲ: ಇದು ನಮ್ಮ ಯಜಮಾನರು ಹೇಳಿದ ವರ್ಕ್ಸೇ, ಇಲ್ಲ ಯಾರೋ ದಾರಿಯಲ್ಲಿ ಅದೇ ಬೋರ್ಡ್ ತಗುಲಿಸಿಕೊಂಡು ಕುಳಿತಿರುವ ಗೋದಾಮೇ? ಕಳ್ಳ ಗೋದಾಮಿನ ಕಾವಲುಗಾರನೂ ಚೀಟಿ ಕೇಳುತ್ತಾನೆ, ನೋಡಿ ತಲೆಯಾಡಿಸುತ್ತಾನೆ, ಮೂಟೆ ಇಳಿಸಿಕೊಳ್ಳುತ್ತಾನೆ.

ಇಂಟರ್‌ನೆಟ್‌ನಲ್ಲಿ ಹೋಸ್ಟ್‌ನ ಹೆಸರು ಎಂಬುದು ಆ ಬೋರ್ಡ್ ಮಾತ್ರ. ನಿಮ್ಮ ಕಂಪ್ಯೂಟರ್ ಆ ಹೆಸರಿಗೆ ಯಾವ ಐಪಿ ವಿಳಾಸ ಎಂದು ಕೇಳಿಕೊಂಡು ಹೋಗುತ್ತದೆ. ದಾರಿ ಹೇಳಿದವರು ಸುಳ್ಳು ಹೇಳಿದರೆ, ಅಥವಾ ದಾರಿ ನಡುವೆ ಯಾರಾದರೂ ತಿರುಗಿಸಿದರೆ, ತಲುಪುವುದು ಬೇರೆ ಕಡೆ. ಗೂಢಲಿಪಿಯ ಸುರಂಗ ಆಗಲೂ ಕಟ್ಟಿಕೊಳ್ಳುತ್ತದೆ, ಆದರೆ ಅದು ಹೋಗಿ ಸೇರುವುದು ಕಳ್ಳನ ಮನೆಗೆ.

ಇದಕ್ಕಾಗಿ ಪ್ರತಿ ಎಸ್‌ಎಸ್‌ಎಚ್ ಸರ್ವರ್ ತನ್ನದೇ ಕೀಲಿಯೊಂದನ್ನು ಇಟ್ಟುಕೊಂಡಿರುತ್ತದೆ, ಹೋಸ್ಟ್ ಕೀ ಎಂದು ಅದಕ್ಕೆ ಹೆಸರು. ಸಂಪರ್ಕ ಶುರುವಾಗುವಾಗಲೇ ಸರ್ವರ್ ಅದರಿಂದ ಸಹಿ ಮಾಡಿ, ಆ ಕೀಲಿ ತನ್ನ ಕೈಯಲ್ಲಿದೆ ಎಂದು ಸಾಬೀತು ಮಾಡುತ್ತದೆ. ಉದ್ದನೆಯ ಆ ಕೀಲಿಯನ್ನು ಓದಿ ಹೋಲಿಸುವುದು ಮನುಷ್ಯರ ಕೈಲಾಗದ ಕೆಲಸ. ಅದಕ್ಕಾಗಿ ಎಸ್‌ಎಚ್‌ಎ-256 ಎಂಬ ಲೆಕ್ಕದಿಂದ ಅದನ್ನು 43 ಅಕ್ಷರಗಳಿಗೆ ಇಳಿಸುತ್ತಾರೆ. ರೈಟರ್ ಪಾಸ್‌ವರ್ಡ್ ಎಂದುಕೊಂಡ ಸರಮಾಲೆ ಇದೇ. ಹಳೆಯ ಎಂಡಿ5 ರೂಪದಲ್ಲಾದರೆ ಎರಡೆರಡು ಅಕ್ಷರದ ಹದಿನಾರು ಜೋಡಿ, ನಡುವೆ ಕೋಲನ್ ಚಿಹ್ನೆ.

ಮೊದಲ ಸಲ ಸಂಪರ್ಕ ಮಾಡಿದಾಗ ಕ್ಲೈಂಟ್‌ಗೆ (ನಿಮ್ಮ ಕಡೆಯ ತಂತ್ರಾಂಶಕ್ಕೆ) ಆ ಸರ್ವರ್‌ನ ಪರಿಚಯ ಇರುವುದಿಲ್ಲ. ಆದ್ದರಿಂದ ಫೈಲ್‌ಝಿಲ್ಲಾ ಅಪರಿಚಿತ ಹೋಸ್ಟ್ ಕೀ ಎಂದು ಒಂದು ಪುಟ್ಟ ಕಿಟಕಿ ತೆರೆದು, ಕೀಲಿಯ ಬಗೆಯನ್ನೂ ಫಿಂಗರ್‌ಪ್ರಿಂಟನ್ನೂ ತೋರಿಸಿ, ಇದನ್ನು ನಂಬಲೇ ಎಂದು ನಿಮ್ಮನ್ನೇ ಕೇಳುತ್ತದೆ. ಯಾವಾಗಲೂ ನಂಬು ಎಂಬ ಖಾನೆಗೆ ಗುರುತು ಹಾಕಿ ನೀವು ಹೂಂ ಎಂದರೆ ನೆನಪಿಟ್ಟುಕೊಳ್ಳುತ್ತದೆ, ಮತ್ತೆ ಕೇಳುವುದಿಲ್ಲ. ಅಂದರೆ ಇಡೀ ಭದ್ರತೆ ಆ ಒಂದು ಕ್ಲಿಕ್ಕಿನ ಮೇಲೆ ನಿಂತಿದೆ.

ಅಂದು ಸಂಜೆ ನಾನು ಎಸ್ಟೇಟ್ ಆಫೀಸಿಗೆ ಹೋಗಿ ಕುಳಿತಾಗ ಆ ಕಿಟಕಿ ಬಂತು. ರೈಟರ್ ಪತ್ರದ ಸಾಲನ್ನು ಓದಿದರು, ನಾನು ತೆರೆ ನೋಡುತ್ತಿದ್ದೆ. "ಕ್ಯಾಪಿಟಲ್ ಕ್ಯೂ, ಸಣ್ಣ ಎಲ್, ಏಳು..." ಮೂರನೆಯ ಅಕ್ಷರಕ್ಕೇ ತಪ್ಪಿತು. ಇನ್ನೊಮ್ಮೆ ಮೊದಲಿನಿಂದ ನೋಡಿದೆವು. ಮುಂದಿನವೂ ಹೊಂದುತ್ತಿಲ್ಲ. ಕಂಪನಿಯ ತಾಂತ್ರಿಕ ವಿಭಾಗಕ್ಕೆ ಫೋನ್ ಹಚ್ಚಿದರೆ, ಆ ಕಡೆಯ ಹುಡುಗ "ಪರವಾಗಿಲ್ಲ ಸಾರ್, ಓಕೆ ಒತ್ತಿ, ಎಲ್ಲರೂ ಹಾಗೇ ಮಾಡುತ್ತಾರೆ" ಎಂದ. ಎಲ್ಲರೂ ಹಾಗೇ ಮಾಡುತ್ತಾರೆ ಎಂಬುದೇ ನನ್ನ ತಕರಾರು ಎಂದೆ. ಇಪ್ಪತ್ತು ನಿಮಿಷದ ಮೇಲೆ ವಾಪಸ್ ಫೋನ್ ಬಂತು. ಸರ್ವರ್ ಒಂದರಲ್ಲೇ ಎರಡು ಮೂರು ಬಗೆಯ ಹೋಸ್ಟ್ ಕೀ ಇರುವುದು ಸಾಮಾನ್ಯ: ಆರ್‌ಎಸ್‌ಎ ಒಂದು, ಇಸಿಡಿಎಸ್‌ಎ ಒಂದು, ಇಡಿ25519 ಒಂದು. ಒಂದೊಂದಕ್ಕೂ ಬೇರೆ ಫಿಂಗರ್‌ಪ್ರಿಂಟ್. ಪತ್ರದಲ್ಲಿ ಅವರು ಬರೆದದ್ದು ಆರ್‌ಎಸ್‌ಎಯದು, ನಮ್ಮ ತೆರೆಯ ಮೇಲೆ ಬಂದದ್ದು ಇಡಿ25519. ಸರಿಯಾದದ್ದನ್ನು ಓದಿ ಹೇಳಿದ, ನಲವತ್ತಮೂರೂ ಅಕ್ಷರ ಹೊಂದಿತು, ಓಕೆ ಒತ್ತಿದೆವು. ಮೊದಲಿನ ನಾಲ್ಕು, ಕೊನೆಯ ನಾಲ್ಕು ನೋಡಿ ಸಾಕೆನ್ನುವವರಿದ್ದಾರೆ. ಒಂದು ಸಲದ ಕೆಲಸ, ಪೂರ್ತಿ ನೋಡಿದರೆ ಗಂಟೇನೂ ಹೋಗುವುದಿಲ್ಲ.

ಎಷ್ಟೋ ತಿಂಗಳ ನಂತರ ಒಂದು ದಿನ ಹೋಸ್ಟ್ ಕೀ ಬದಲಾಗಿದೆ ಎಂಬ ಎಚ್ಚರಿಕೆ ಬರಬಹುದು. ಬಹಳ ಸಲ ಕಾರಣ ಸಾಧುವಾದದ್ದೇ: ಸರ್ವರ್ ಹೊಸದಾಗಿರುತ್ತದೆ ಅಥವಾ ಅದರ ವ್ಯವಸ್ಥೆಯನ್ನು ಮತ್ತೆ ಅಳವಡಿಸಿರುತ್ತಾರೆ. ಆದರೆ ಅದನ್ನು ಊಹಿಸುವುದು ನಿಮ್ಮ ಕೆಲಸವಲ್ಲ. ಅಲ್ಲಿಗೇ ನಿಲ್ಲಿಸಿ, ನಿಮಗೆ ಮೊದಲಿನಿಂದ ಗೊತ್ತಿರುವ ನಂಬರಿಗೆ ಫೋನ್ ಮಾಡಿ ಕೇಳಿ. ಎಚ್ಚರಿಕೆಯ ಜೊತೆಗೇ ಬಂದ ಇ-ಮೇಲ್‌ನಲ್ಲಿರುವ ನಂಬರಿಗಲ್ಲ.

ಬೀಗ ಅವರಿಗೆ, ಬೀಗದ ಕೈ ನಿಮಗೆ

ಈಗ ಸರ್ವರ್ ನಮ್ಮನ್ನು ಕೇಳುವ ಸರದಿ. ಫೈಲ್‌ಝಿಲ್ಲಾದಲ್ಲಿ ಲಾಗಾನ್ ಟೈಪ್ ಎಂಬ ಖಾನೆಯಲ್ಲಿ ಹಲವು ಆಯ್ಕೆಗಳಿವೆ. ನಾರ್ಮಲ್ ಎಂದರೆ ಪಾಸ್‌ವರ್ಡ್ ಬರೆದು ಉಳಿಸಿಡುವುದು. ಆಸ್ಕ್ ಎಂದರೆ ಪ್ರತಿ ಸಲ ಕೇಳುವುದು. ಇಂಟರಾಕ್ಟಿವ್ ಎಂದರೆ ಸರ್ವರ್ ಕೇಳಿದ್ದಕ್ಕೆಲ್ಲ ಉತ್ತರಿಸುವುದು. ಪಾಸ್‌ವರ್ಡ್ ಆದ ಮೇಲೆ ಮೊಬೈಲಿಗೆ ಬರುವ ಒಟಿಪಿಯನ್ನೂ ಕೇಳುವ ಕಡೆ ಇದೇ ಬೇಕು, ನಾರ್ಮಲ್ ಹಾಕಿ ಕುಳಿತರೆ ಎರಡನೆಯ ಪ್ರಶ್ನೆಗೆ ಉತ್ತರವೇ ಹೋಗುವುದಿಲ್ಲ. ಕೀ ಫೈಲ್ ಎಂಬುದು ನಮ್ಮ ರೈಟರ್‌ಗೆ ಬೇಕಾಗಿದ್ದದ್ದು. ಅವರ ಪತ್ರದಲ್ಲಿ ಪಾಸ್‌ವರ್ಡೇ ಇಲ್ಲದಿರಲು ಕಾರಣವೂ ಅದೇ.

ಸಾರ್ವಜನಿಕ ಕೀಲಿ, ಖಾಸಗಿ ಕೀಲಿ ಎಂಬ ಹೆಸರುಗಳು ಗೊಂದಲ ಮಾಡುತ್ತವೆ. ಎರಡೂ ಕೀಲಿ ಎಂದು ಯಾಕೆ ಕರೆದರೋ! ಒಂದು ಬೀಗ, ಇನ್ನೊಂದು ಬೀಗದ ಕೈ ಎಂದುಕೊಳ್ಳಿ. ಜೋಡಿಯನ್ನು ನೀವು ನಿಮ್ಮ ಕಂಪ್ಯೂಟರಿನಲ್ಲೇ ಮಾಡಿಕೊಳ್ಳುತ್ತೀರಿ. ಬೀಗವನ್ನು ಕಂಪನಿಗೆ ಕಳಿಸುತ್ತೀರಿ. ಅವರು ಅದನ್ನು ನಿಮಗೆ ಮೀಸಲಾದ ಬಾಗಿಲಿಗೆ ಹಾಕಿಕೊಳ್ಳುತ್ತಾರೆ. ಬೀಗ ಎಷ್ಟು ಜನ ನೋಡಿದರೂ ನಷ್ಟವಿಲ್ಲ. ಬೀಗದ ಕೈ ನಿಮ್ಮ ಮನೆ ಬಿಟ್ಟು ಹೋಗಕೂಡದು, ಸರ್ವರ್‌ಗೂ ಹೋಗುವುದಿಲ್ಲ. ಲಾಗಿನ್ ಆಗುವಾಗ ಕ್ಲೈಂಟ್ ಆ ಸಂಪರ್ಕಕ್ಕೆಂದೇ ಹುಟ್ಟಿದ ಒಂದು ಗುರುತಿನ ಮೇಲೆ ಖಾಸಗಿ ಕೀಲಿಯಿಂದ ಸಹಿ ಹಾಕಿ ಕಳಿಸುತ್ತದೆ. ಸರ್ವರ್ ತನ್ನಲ್ಲಿರುವ ಸಾರ್ವಜನಿಕ ಕೀಲಿಯಿಂದ ಆ ಸಹಿಯನ್ನು ತಾಳೆ ನೋಡುತ್ತದೆ.

ಪಾಸ್‌ವರ್ಡಿಗೂ ಇದಕ್ಕೂ ಇರುವ ದೊಡ್ಡ ಅಂತರ ಇಲ್ಲಿದೆ. ಕಳ್ಳ ಸರ್ವರ್‌ಗೆ ಪಾಸ್‌ವರ್ಡ್ ಕೊಟ್ಟರೆ ಅದನ್ನೇ ಎತ್ತಿಕೊಂಡು ಹೋಗಿ ನಿಜವಾದ ಸರ್ವರ್‌ನಲ್ಲಿ ಬಳಸುತ್ತದೆ. ಸಹಿಯನ್ನು ಹಾಗೆ ಬಳಸಲಾಗದು, ಅದು ಆ ಒಂದು ಸಂಪರ್ಕಕ್ಕೆ ಮಾತ್ರ ಹೊಂದುತ್ತದೆ. ಆದರೆ ಕೀಲಿ ಇದೆಯೆಂದು ಫಿಂಗರ್‌ಪ್ರಿಂಟ್ ಬಿಡುವ ಹಾಗಿಲ್ಲ. ಕಳ್ಳ ಸರ್ವರ್ ಯಾವ ಸಹಿಯನ್ನಾದರೂ ಸರಿಯಿದೆ ಎಂದು ಒಳಗೆ ಕರೆದು, ನೀವು ಕಳಿಸುವ ಫೈಲ್‌ಗಳನ್ನು ಇಟ್ಟುಕೊಳ್ಳಬಹುದು. ಕೀಲಿ ಕಾಯುವುದು ನಿಮ್ಮ ಗುಟ್ಟನ್ನು. ಮೂಟೆ ಕಾಯುವುದು ಫಿಂಗರ್‌ಪ್ರಿಂಟ್.

ಜೋಡಿ ಮಾಡಿಕೊಳ್ಳಲು ವಿಂಡೋಸ್‌ನಲ್ಲಿ, ಪುಟ್ಟಿ ಎಂಬ ಎಸ್‌ಎಸ್‌ಎಚ್ ತಂತ್ರಾಂಶದ ಜೊತೆ ಬರುವ ಪುಟ್ಟಿಜೆನ್ ಸಾಕು. ಬಗೆ ಕೇಳಿದಾಗ ಇಡಿ25519 ಆರಿಸಿ. ಎದುರಿನ ಸರ್ವರ್ ಹಳೆಯದಾಗಿ ಅದನ್ನು ಒಪ್ಪದಿದ್ದರೆ 4096 ಬಿಟ್‌ನ ಆರ್‌ಎಸ್‌ಎ. ಮೌಸ್ ಆಡಿಸು ಎನ್ನುತ್ತದೆ, ಆಡಿಸಿ. ತಮಾಷೆಗಲ್ಲ, ಊಹಿಸಲಾಗದ ಸಂಖ್ಯೆ ಹುಟ್ಟಬೇಕಾದರೆ ಅಂಥ ಅಡ್ಡಾದಿಡ್ಡಿ ಚಲನೆ ಬೇಕು. ಊಹಿಸಲಾಗದಿರುವುದು ಎಷ್ಟು ಮುಖ್ಯ ಎಂಬುದಕ್ಕೆ 2024ರ ಏಪ್ರಿಲ್‌ನಲ್ಲಿ ಪುಟ್ಟಿಯಲ್ಲೇ ಸಿಕ್ಕ ದೋಷ ಸಾಕ್ಷಿ. 521 ಬಿಟ್‌ನ ಇಸಿಡಿಎಸ್‌ಎ ಕೀಲಿಯಿಂದ ಸಹಿ ಹಾಕುವಾಗ ಬಳಸುವ ಗುಪ್ತಸಂಖ್ಯೆ ಪೂರ್ತಿ ಅಡ್ಡಾದಿಡ್ಡಿಯಾಗಿರಲಿಲ್ಲ. ಸುಮಾರು 60 ಸಹಿ ಕೈಗೆ ಸಿಕ್ಕರೆ ಖಾಸಗಿ ಕೀಲಿಯನ್ನೇ ಲೆಕ್ಕ ಹಾಕಿ ತೆಗೆಯಬಹುದಿತ್ತು. ಪುಟ್ಟಿಯ ಕೋಡನ್ನು ಬಳಸುವ ಫೈಲ್‌ಝಿಲ್ಲಾ, ವಿನ್‌ಎಸ್‌ಸಿಪಿಗಳಿಗೂ ಅದು ತಟ್ಟಿತ್ತು. ಪುಟ್ಟಿ 0.81, ಫೈಲ್‌ಝಿಲ್ಲಾ 3.67.0, ವಿನ್‌ಎಸ್‌ಸಿಪಿ 6.3.3ರಲ್ಲಿ ಸರಿಯಾಯಿತು. ಅಂಥ ಕೀಲಿ ಬಳಸಿದ್ದವರು ಸಾಫ್ಟ್‌ವೇರ್ ನವೀಕರಿಸಿದರೆ ಸಾಲದು, ಕೀಲಿಯನ್ನೇ ಎಸೆದು ಹೊಸದು ಮಾಡಿಕೊಳ್ಳಬೇಕು.

ಖಾಸಗಿ ಕೀಲಿಯ ಫೈಲ್ ಉಳಿಸುವಾಗ ಪಾಸ್‌ಫ್ರೇಸ್ (ಆ ಫೈಲನ್ನೇ ಕಾಯುವ ಗುಪ್ತಪದ) ಕೇಳುತ್ತದೆ. ಖಾಲಿ ಬಿಡಬೇಡಿ. ಲ್ಯಾಪ್‌ಟಾಪ್ ಕಳೆದುಹೋದ ದಿನ ನೆನಪಾಗುವ ಖಾನೆ ಅದು. ನೆನಪಿರಲಿ, ಈ ಪಾಸ್‌ಫ್ರೇಸ್ ಸರ್ವರ್‌ಗೆ ಗೊತ್ತಿಲ್ಲ. ಮರೆತರೆ ಕಂಪನಿಯವರು ಹೊಸದು ಕೊಡಲಾರರು, ಜೋಡಿಯನ್ನೇ ಮತ್ತೆ ಮಾಡಬೇಕು.

ಇನ್ನು ಸಾರ್ವಜನಿಕ ಕೀಲಿಯನ್ನು ಕಳಿಸುವುದು. ಇಲ್ಲಿ ನಾನು ಕಂಡಷ್ಟು ಎಡವಟ್ಟು ಬೇರೆಲ್ಲೂ ಕಂಡಿಲ್ಲ. ಪುಟ್ಟಿಜೆನ್‌ನಲ್ಲಿ ಸೇವ್ ಪಬ್ಲಿಕ್ ಕೀ ಎಂಬ ಗುಂಡಿ ಇದೆ. ಎಲ್ಲರೂ ಅದನ್ನೇ ಒತ್ತುತ್ತಾರೆ. ಅದು ಬರೆದುಕೊಡುವುದು ಹಲವು ಸಾಲಿನ ಒಂದು ರೂಪ. ಯಾವ ಕೀಲಿಗಳನ್ನು ಒಳಬಿಡಬೇಕೆಂದು ಬರೆದಿಡುವ, ಸಾಮಾನ್ಯ ಲಿನಕ್ಸ್ ಸರ್ವರ್‌ನ ಆಥರೈಸ್ಡ್ ಕೀಸ್ ಫೈಲಿಗೆ ಬೇಕಾದದ್ದು ಒಂದೇ ಸಾಲು. ಆ ಒಂದು ಸಾಲು ಅದೇ ಕಿಟಕಿಯ ಮೇಲ್ಭಾಗದ ಚೌಕದಲ್ಲಿ ಇರುತ್ತದೆ. ಪೂರ್ತಿ ಆರಿಸಿ, ನಕಲು ಮಾಡಿ, ಪಠ್ಯದ ಫೈಲ್ ಒಂದರಲ್ಲಿ ಅಂಟಿಸಿ ಲಗತ್ತಾಗಿ ಕಳಿಸಿ. ಇ-ಮೇಲ್‌ನ ಒಳಗೇ ಅಂಟಿಸಿದರೆ ನಡುವೆ ಸಾಲು ಮುರಿದು ಕೀಲಿ ಕೆಡುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದು: ಯಾವುದು ಬೀಗ, ಯಾವುದು ಬೀಗದ ಕೈ ಎಂದು ತಿಳಿಯದೆ ಎರಡನ್ನೂ ಇ-ಮೇಲ್ ಮಾಡುವುದು. ಪಿಪಿಕೆ ಎಂಬ ಬಾಲವಿರುವ ಫೈಲ್ ಖಾಸಗಿಯದು, ಅದು ಒಮ್ಮೆ ಹೊರಗೆ ಹೋದರೆ ಆ ಜೋಡಿ ಸತ್ತಂತೆ.

ಸರ್ವರ್‌ನ ಕಡೆಯಿಂದಲೂ ತಪ್ಪಾಗುತ್ತದೆ. ಆಥರೈಸ್ಡ್ ಕೀಸ್ ಇರುವ ಫೋಲ್ಡರ್‌ಗೆ 700, ಆ ಫೈಲಿಗೆ 600 ಎಂಬ ಅನುಮತಿ, ಅಂದರೆ ಒಡೆಯನಿಗೆ ಮಾತ್ರ ಪ್ರವೇಶ, ಕೊಡುವುದು ರೂಢಿ. ಬೇರೆಯವರೂ ಬರೆಯಬಲ್ಲ ಹಾಗಿದ್ದರೆ ಎಸ್‌ಎಸ್‌ಎಚ್ ಆ ಫೈಲನ್ನೇ ನಂಬುವುದಿಲ್ಲ. ನಿಮ್ಮ ತೆರೆಯಲ್ಲಿ ಮಾತ್ರ ಸರ್ವರ್ ನಿಮ್ಮ ಕೀಲಿಯನ್ನು ನಿರಾಕರಿಸಿತು ಎಂಬಷ್ಟೇ ಬರುತ್ತದೆ, ತಪ್ಪು ನಿಮ್ಮದೇ ಎಂಬಂತೆ. ಹತ್ತು ವರ್ಷದ ಹಳೆಯ ಕ್ಲೈಂಟ್ ಬಳಸುತ್ತಿದ್ದರೆ ತಪ್ಪು ನಿಜಕ್ಕೂ ನಿಮ್ಮದಿರಬಹುದು. ಲಿನಕ್ಸ್ ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ಓಡುವ ಎಸ್‌ಎಸ್‌ಎಚ್ ತಂತ್ರಾಂಶ ಓಪನ್‌ಎಸ್‌ಎಸ್‌ಎಚ್ 2021ರ 8.8ನೇ ಆವೃತ್ತಿಯಿಂದ, ಎಸ್‌ಎಚ್‌ಎ-1 ಎಂಬ ಹಳೆಯ ಲೆಕ್ಕ ಬಳಸಿದ ಆರ್‌ಎಸ್‌ಎ ಸಹಿಯನ್ನು ತಾನಾಗಿ ಒಪ್ಪುವುದನ್ನು ನಿಲ್ಲಿಸಿದೆ. ಅಲ್ಲಿ ಕೀಲಿ ಬದಲಿಸಬೇಕಿಲ್ಲ, ಕ್ಲೈಂಟ್ ಹೊಸದು ಹಾಕಿಕೊಂಡರೆ ಅದೇ ಕೀಲಿಯಿಂದ ಹೊಸ ಬಗೆಯ ಸಹಿ ಹೋಗುತ್ತದೆ.

ಪಾಸ್‌ವರ್ಡ್ ಉಳಿಸಿಡುವ ಬಗ್ಗೆ ಒಂದು ಮಾತು. ಫೈಲ್‌ಝಿಲ್ಲಾ ಅದನ್ನು ತನ್ನ ಫೈಲಿನಲ್ಲಿ ಬೇಸ್64 ರೂಪದಲ್ಲಿ ಬರೆದಿಡುತ್ತದೆ. ಅದು ಗೂಢಲಿಪಿಯಲ್ಲ, ವೇಷ ಅಷ್ಟೇ; ಯಾರು ಬೇಕಾದರೂ ಬಿಚ್ಚಬಹುದು. ಸೆಟ್ಟಿಂಗ್ಸ್‌ನಲ್ಲಿ ಮಾಸ್ಟರ್ ಪಾಸ್‌ವರ್ಡ್ ಹಾಕಿದರೆ ಮಾತ್ರ ನಿಜವಾದ ಬೀಗ ಬೀಳುತ್ತದೆ. ಆಫೀಸಿನ ಕಂಪ್ಯೂಟರನ್ನು ನಾಲ್ಕು ಜನ ಬಳಸುವ ಕಡೆ ಇದು ಬೇಕೇ ಬೇಕು.

ಮಳೆ, ಕರೆಂಟು, ಕಡಿದುಹೋಗುವ ಸಂಪರ್ಕ

ಮಲೆನಾಡಿನಲ್ಲಿ ಕುಳಿತು ಬರೆಯುವವನು ಈ ಭಾಗವನ್ನು ಬಿಡುವಂತಿಲ್ಲ. ಜುಲೈನಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟು ಯಾವಾಗ ಬರುತ್ತದೋ, ಟವರ್ ಎಷ್ಟು ಹೊತ್ತು ಉಸಿರಾಡುತ್ತದೋ.

ಫೈಲ್‌ಝಿಲ್ಲಾ 20 ಸೆಕೆಂಡು ಉತ್ತರ ಬರದಿದ್ದರೆ ಸಂಪರ್ಕ ಬಿಟ್ಟುಬಿಡುತ್ತದೆ, ವಿನ್‌ಎಸ್‌ಸಿಪಿ 15ಕ್ಕೆ. ಮೊಬೈಲ್ ಹಾಟ್‌ಸ್ಪಾಟ್‌ನ ಮೇಲೆ ಕೆಲಸ ಮಾಡುವವರು ಇದನ್ನು 60ಕ್ಕೆ ಏರಿಸಿಕೊಳ್ಳುವುದು ಒಳ್ಳೆಯದು. ಸುಮ್ಮನಿದ್ದಾಗ ಸಂಪರ್ಕ ಬೀಳುವುದು ಬೇರೆ ರೋಗ: ಹೆಚ್ಚು ಹೊತ್ತು ಮಾತಿಲ್ಲದ ಸಂಪರ್ಕವನ್ನು ನಡುವಿನ ರೌಟರ್‌ಗಳು ಮರೆತುಬಿಡುತ್ತವೆ. ವಿನ್‌ಎಸ್‌ಸಿಪಿಯ ಅಡ್ವಾನ್ಸ್ಡ್ ಭಾಗದಲ್ಲಿ ಕೀಪ್‌ಅಲೈವ್ ತೆರೆದು, 30 ಸೆಕೆಂಡಿಗೊಮ್ಮೆ ಎಂದು ಕೊಟ್ಟರೆ ಫೋನಿನಲ್ಲಿ ಹಲೋ ಹಲೋ ಎನ್ನುತ್ತಿರುವಂತೆ ಅದು ಖಾಲಿ ಸಂದೇಶ ಕಳಿಸುತ್ತಿರುತ್ತದೆ.

ಅರ್ಧ ಹೋದ ಫೈಲ್ ಇನ್ನೊಂದು ತಲೆನೋವು. ವಿನ್‌ಎಸ್‌ಸಿಪಿ 100 ಕೆಬಿಗಿಂತ ದೊಡ್ಡ ಫೈಲನ್ನು ಮೊದಲು ಫೈಲ್‌ಪಾರ್ಟ್ ಎಂಬ ಬಾಲದೊಂದಿಗೆ ಕಳಿಸಿ, ಪೂರ್ತಿಯಾದ ಮೇಲೆ ಸರಿಯಾದ ಹೆಸರಿಡುತ್ತದೆ. ನಡುವೆ ಕಡಿದರೆ ಬಿಟ್ಟಲ್ಲಿಂದ ಮುಂದುವರಿಸುತ್ತದೆ. ಏಕಕಾಲಕ್ಕೆ ಹೋಗುವ ಫೈಲ್‌ಗಳ ಸಂಖ್ಯೆಯನ್ನು ಹತ್ತಕ್ಕೆ ಏರಿಸಿದರೆ ಬೇಗ ಮುಗಿಯುತ್ತದೆಂಬ ಆಸೆ ಬೇಡ. ಸಣ್ಣ ಓಣಿಯಲ್ಲಿ ಹತ್ತು ಲಾರಿ ನುಗ್ಗಿಸಿದ ಹಾಗಾಗುತ್ತದೆ, ಕೆಲವು ಸರ್ವರ್‌ಗಳು ದಾಳಿ ಎಂದು ತಿಳಿದು ನಿಮ್ಮನ್ನು ಹೊರಗೇ ಹಾಕುತ್ತವೆ. ಎರಡು ಸಾಕು.

ಸಂಪರ್ಕ ಆಗದಿದ್ದಾಗ ಮತ್ತೆ ಮತ್ತೆ ಒತ್ತುವ ಬದಲು ಲಾಗ್ ಓದಿ, ಯಾವ ಬಾಗಿಲಲ್ಲಿ ನಿಂತಿದ್ದೀರಿ ಎಂದು ಗೊತ್ತಾಗುತ್ತದೆ. ಕನೆಕ್ಷನ್ ಟೈಮ್ಡ್ ಔಟ್ ಎಂದರೆ ಯಾರೂ ಉತ್ತರಿಸಿಲ್ಲ: ಹೆಸರು ತಪ್ಪು, ನೆಟ್ ಇಲ್ಲ, ಅಥವಾ ಫೈರ್‌ವಾಲ್ ಮೌನವಾಗಿ ನುಂಗಿದೆ. ರೆಫ್ಯೂಸ್ಡ್ ಎಂದರೆ ಯಂತ್ರ ಸಿಕ್ಕಿತು, ಆ ಪೋರ್ಟಿನಲ್ಲಿ ಯಾರೂ ಕುಳಿತಿಲ್ಲ. ಅಥೆಂಟಿಕೇಷನ್ ಫೇಲ್ಡ್ ಎಂದರೆ ಗೇಟಿನವರೆಗೆ ಬಂದಿದ್ದೀರಿ, ಚೀಟಿ ಸರಿಯಿಲ್ಲ. ಆಗ ಪೋರ್ಟ್, ಫೈರ್‌ವಾಲ್ ಎಂದು ತಡಕಾಡುವುದು ವ್ಯರ್ಥ. ವಿಪರೀತ ಪ್ರಯತ್ನಗಳಾದವು ಎಂಬ ದೂರು ಬಂದು, ನೀವು ಒಂದೇ ಸಲ ಒತ್ತಿದ್ದರೆ, ಕೀಲಿಗಳನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವ ಪೇಜೆಂಟ್ ಎಂಬ ಪುಟ್ಟಿಯ ತಂತ್ರಾಂಶದಲ್ಲಿ ಹಲವು ಕೀಲಿಗಳನ್ನು ತುಂಬಿಟ್ಟಿದ್ದೀರಿ ಎಂದರ್ಥ. ಕ್ಲೈಂಟ್ ಒಂದೊಂದನ್ನೇ ತೋರಿಸುತ್ತಾ ಹೋಗುತ್ತದೆ, ಓಪನ್‌ಎಸ್‌ಎಸ್‌ಎಚ್ ಸಾಮಾನ್ಯವಾಗಿ ಆರಕ್ಕೆ ಬಾಗಿಲು ಹಾಕುತ್ತದೆ, ಸರಿಯಾದದ್ದು ಏಳನೆಯದಾಗಿರುತ್ತದೆ.

ನಮ್ಮ ರೈಟರ್‌ಗೆ ಮೊದಲ ದಿನ ಕೀಲಿ ನಿರಾಕರಣೆಯಾಯಿತು. ಮರುದಿನ ಕಂಪನಿಯವರು ಒಂದೇ ಸಾಲಿನ ಕೀಲಿಯನ್ನು ಸೇರಿಸಿಕೊಂಡ ಮೇಲೆ ಹದಿನೇಳು ಫೈಲ್ ಹೋದವು, ಕಣದ ಫೋಟೋ ಸಮೇತ. ಆ 43 ಅಕ್ಷರಗಳನ್ನು ಎಲ್ಲಿ ಇಡಲಿ ಎಂದು ಅವರು ಕೇಳಿದರು. ಕಂಪ್ಯೂಟರ್ ಹಾಳಾದರೂ ಉಳಿಯುವ ಕಡೆ ಎಂದೆ. ಅವರು ಮಳೆ ಪುಸ್ತಕ ತೆಗೆದು, ಇಂಚು ಸೆಂಟುಗಳ ಅಂಕಣಗಳನ್ನೆಲ್ಲ ದಾಟಿ, ಕೊನೆಯ ರಟ್ಟಿನ ಒಳಬದಿಯಲ್ಲಿ ನೀಲಿ ಶಾಯಿಯಿಂದ ಬರೆದುಕೊಂಡರು. ಕ್ಯಾಪಿಟಲ್ ಅಕ್ಷರಗಳ ಕೆಳಗೆಲ್ಲ ಒಂದೊಂದು ಗೆರೆ ಎಳೆದರು.